ನಲವತ್ತು ಅಂಕ, ಒಂದು ಹಳೆಯ ಅಂಕಪಟ್ಟಿ

ಬುಕಿತ್ ಬಾಟೋಕಿನ ನಮ್ಮ ಮನೆಗೆ 'ಲಿಟಲ್ ಗ್ವಿಲಿನ್' ಎಂಬ ಹಳೆಯ ಕಲ್ಲುಕ್ವಾರಿಯ ಕೆರೆ ನಡೆದು ಹೋಗುವಷ್ಟು ಹತ್ತಿರ. ಭಾನುವಾರ ಅಲ್ಲೊಂದು ಸುತ್ತು ಹಾಕಿ ಬಂದು ಕಾಫಿಗೆ ಕೂರುವ ಹೊತ್ತಿಗೆ ಯಾರಾದರೊಬ್ಬರು ಫೈಲು ಹಿಡಿದು ಬರುವುದು ಈಚೆಗೆ ವಾಡಿಕೆಯಾಗಿದೆ. ಸಿಎ ಓದಿದವರ ಮನೆಯಲ್ಲಿ ಎಲ್ಲ ಲೆಕ್ಕಕ್ಕೂ ಉತ್ತರ ಸಿಗುತ್ತದೆ ಎಂಬ ನಂಬಿಕೆ!

ಹೋದ ತಿಂಗಳು ಬಂದವರು ಹಾಸನದ ಕಡೆಯವರು. ವಯಸ್ಸು 43, ಚಿಕ್ಕ ಕಂಪನಿಯೊಂದರಲ್ಲಿ ಅಕೌಂಟ್ಸ್ ಮ್ಯಾನೇಜರ್, ಮಗಳು ಇಲ್ಲೇ ಐದನೇ ಕ್ಲಾಸು. ಎಂಪ್ಲಾಯ್‌ಮೆಂಟ್ ಪಾಸ್ ನವೀಕರಣಕ್ಕೆ ಎರಡೇ ತಿಂಗಳು. "ಸಾರ್, ಹದಿನೈದು ವರ್ಷದಿಂದ ಇಲ್ಲಿದ್ದೀನಿ. ಈಗ ನನ್ನ ಬಿಕಾಂ ನಿಜಾನಾ ಅಂತ ಕೇಳ್ತಾರಲ್ಲ?"

ಕೇಳುವುದು 'ಕಂಪಾಸ್' ಎಂಬ ಅಂಕಪದ್ಧತಿ. ಹೊಸ ಅರ್ಜಿಗೆ 2023ರ ಸೆಪ್ಟೆಂಬರ್‌ನಿಂದ, ನವೀಕರಣಕ್ಕೆ 2024ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಮೊದಲು ಕನಿಷ್ಠ ಸಂಬಳದ ಗೆರೆ ದಾಟಬೇಕು: ಈಗ ತಿಂಗಳಿಗೆ 5,600 ಡಾಲರ್, ವಯಸ್ಸಿನ ಜೊತೆ ಏರುತ್ತ 45ಕ್ಕೆ 10,700. ಹಣಕಾಸು ಕ್ಷೇತ್ರಕ್ಕೆ ಇನ್ನೂ ಹೆಚ್ಚು. ಆಮೇಲೆ ಸಂಬಳ, ವಿದ್ಯಾರ್ಹತೆ, ಕಂಪನಿಯಲ್ಲಿ ನಮ್ಮ ದೇಶದವರ ಪ್ರಮಾಣ, ಸ್ಥಳೀಯರಿಗೆ ಕೊಟ್ಟ ಕೆಲಸ ಇವು ನಾಲ್ಕರಲ್ಲೂ ಸೊನ್ನೆ, ಹತ್ತು ಅಥವಾ ಇಪ್ಪತ್ತು ಅಂಕ. ಕೊರತೆಯಿರುವ ಉದ್ಯೋಗಗಳ ಪಟ್ಟಿಯಲ್ಲಿದ್ದರೆ ಬೋನಸ್ ಉಂಟು. ಒಟ್ಟು 40 ಆದರೆ ಪಾಸು.

ಕಾಗದ ತೆಗೆದುಕೊಂಡು ಕೂಡಿದೆವು. ಅವರ ಕಂಪನಿಯಲ್ಲಿ ಆ ದರ್ಜೆಯ ನೌಕರರು 25ಕ್ಕಿಂತ ಕಡಿಮೆ, ಹಾಗಾಗಿ ಕೊನೆಯ ಎರಡರಲ್ಲಿ ತಾನಾಗಿಯೇ ಹತ್ತು ಹತ್ತು. ಬಿಕಾಂಗೆ ಹತ್ತು. ಸಂಬಳಕ್ಕೆ? ಅದೇ ಕ್ಷೇತ್ರದ ಸ್ಥಳೀಯರಲ್ಲಿ, ಅದೇ ವಯಸ್ಸಿನ ಲೆಕ್ಕದಲ್ಲಿ, ನೂರಕ್ಕೆ 65 ಮಂದಿಯನ್ನು ಮೀರಿದರೆ ಮಾತ್ರ ಹತ್ತು. ಸ್ವಲ್ಪದರಲ್ಲಿ ತಪ್ಪಿತ್ತು. 30ಕ್ಕೆ ನಿಂತಿತು. ಅವರು ಕಾಫಿ ಮುಟ್ಟಲಿಲ್ಲ.

ಆ ಬಿಕಾಂನ ಹತ್ತು ಕೂಡ ಕೈಯಲ್ಲಿರಲಿಲ್ಲ. ಪದವಿ ಅಸಲಿ ಎಂದು ಪರಿಶೀಲನಾ ಸಂಸ್ಥೆಯೊಂದರಿಂದ ಪತ್ರ ಬೇಕು. ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅವು ಬಿಡಿಸಿಕೊಂಡು ಊರಿನ ಹೆಸರು, ಅಪ್ಪನ ಹೆಸರು. ಇಬ್ಬರೂ ಒಬ್ಬರೇ ಎಂದು ಒಪ್ಪಿಸಲು ಅವರ ತಮ್ಮ ಊರಿನಲ್ಲಿ ವಿಶ್ವವಿದ್ಯಾಲಯಕ್ಕೆ ನಾಲ್ಕು ಸಲ ಅಲೆದ. ಓದುಗರಲ್ಲಿ ವಿದೇಶಕ್ಕೆ ಹೊರಡುವ ಮಕ್ಕಳಿದ್ದರೆ ಈ ಕೆಲಸ ಅಲ್ಲಿದ್ದಾಗಲೇ ಮುಗಿಸಲಿ.

ಸಿಂಗಪುರದಲ್ಲಿ ಅಸಾಧಾರಣರಿಗೆ ಬೇರೆಯೇ ಬಾಗಿಲಿದೆ: 2023ರ ಜನವರಿಯಲ್ಲಿ ಬಂದ ಒನ್ ಪಾಸ್. ತಿಂಗಳಿಗೆ 30,000 ಡಾಲರ್ ಸಂಬಳ, ಇಲ್ಲವೇ ಕಲೆ, ಕ್ರೀಡೆ, ವಿಜ್ಞಾನ, ಸಂಶೋಧನೆಯಲ್ಲಿ ದೊಡ್ಡ ಸಾಧನೆ. ನಮ್ಮ ಬ್ಲಾಕಿನಲ್ಲಿ ಅದರ ಮಾತೇ ಏಳುವುದಿಲ್ಲ.

ಅಮೆರಿಕದಲ್ಲಿ ಮಾತ್ರ 'ಅಸಾಧಾರಣ ಸಾಮರ್ಥ್ಯ' ಎಂಬ ದೊಡ್ಡ ಮಾತು ನಮ್ಮಂಥವರಿಗೂ ತಾಗುತ್ತದೆ. ಇಬಿ-2 ವರ್ಗದಲ್ಲಿ ಮೂರು ವರ್ಷದ ಬಿಕಾಂ ಅಲ್ಲಿನ ನಾಲ್ಕು ವರ್ಷದ ಪದವಿಗೆ ಸಾಟಿಯಲ್ಲವೆಂದು ಪೇಚಿಗೆ ಸಿಕ್ಕವರು ಈ ದಾರಿ ನೋಡುತ್ತಾರೆ. ಪದವಿ, ಹತ್ತು ವರ್ಷದ ಅನುಭವಪತ್ರ, ವೃತ್ತಿ ಪರವಾನಗಿ, ಎತ್ತರದ ಸಂಬಳ, ವೃತ್ತಿಸಂಸ್ಥೆಯ ಸದಸ್ಯತ್ವ, ಕ್ಷೇತ್ರದಲ್ಲಿ ಮನ್ನಣೆ ಎಂಬ ಆರರಲ್ಲಿ ಮೂರಕ್ಕೆ ದಾಖಲೆ ಬೇಕು. ಮೂರು ತೋರಿಸಿದರೂ ಅಧಿಕಾರಿ ಒಟ್ಟಾರೆ ತೂಗಿ ನೋಡುತ್ತಾರೆ. ನಾವು ಸೋಲುವುದು ಅನುಭವಪತ್ರದಲ್ಲಿ. ಕೆಲಸ ಬಿಡುವಾಗ ಸಂಕೋಚಪಟ್ಟು, ಸೇರಿದ ದಿನ ಬಿಟ್ಟ ದಿನ ಬರೆದ ಎರಡು ಸಾಲಿನ ಕಾಗದ ಹಿಡಿದು ಬರುತ್ತೇವೆ. ಏನು ಮಾಡಿದೆವು ಎಂಬುದೇ ಅದರಲ್ಲಿರುವುದಿಲ್ಲ.

ಹಾಸನದವರ ವಿಷಯಕ್ಕೆ ಬಂದರೆ, ಇಲ್ಲಿ ಅರ್ಜಿ ಹಾಕುವುದು ಕಂಪನಿ, ನೌಕರನಲ್ಲ. ಆದ್ದರಿಂದ ಮಾಲೀಕರ ಮುಂದೆ ಕೂತು ಲೆಕ್ಕ ತೋರಿಸಿ ಎಂದು ಹೇಳಿ ಕಳಿಸಿದೆವು. ಸಚಿವಾಲಯದ ಜಾಲತಾಣದಲ್ಲಿ ಸ್ವಯಂ ಪರೀಕ್ಷೆಯ ಸಾಧನವಿದೆ, ಸಂಬಳ ಎಷ್ಟಾದರೆ ಆ ಹತ್ತು ಬರುತ್ತದೆಂದು ಅದರಲ್ಲಿ ಅಂದಾಜು ಸಿಗುತ್ತದೆ. ಪರಿಶೀಲನೆಯ ಪತ್ರ ಕಳೆದ ಮಂಗಳವಾರ ಬಂತು. ಸಂಬಳದ ಮಾತಿಗೆ ಮಾಲೀಕರು ಶುಕ್ರವಾರದವರೆಗೆ ಸಮಯ ಕೇಳಿದ್ದಾರಂತೆ.