ಅಳೆಯುತ್ತ ಉಜ್ಜುವ ಯಂತ್ರ

1970ರ ದಶಕದ ಆರಂಭ. ಬ್ರಿಟನ್ನಿನ ರೋಲ್ಸ್ ರಾಯ್ಸ್ ಕಂಪನಿಯಲ್ಲಿ ಕಾಂಕಾರ್ಡ್ ವಿಮಾನದ ಒಲಿಂಪಸ್ ಎಂಜಿನ್ ಸಿದ್ಧವಾಗುತ್ತಿತ್ತು. ಇಂಧನ ಹರಿಯುವ ಸಣ್ಣ ಕೊಳವೆಗಳನ್ನು ಕರಾರುವಾಕ್ಕಾಗಿ ಅಳೆಯಬೇಕಿತ್ತು. ಅಳೆಯುವ ಕಡ್ಡಿಯನ್ನು ಒತ್ತಿ ಹಿಡಿದರೆ ಕೊಳವೆಯೇ ಬಾಗುವ ಭಯ. ಬಾಗಿದ್ದನ್ನು ಅಳೆದು ಏನು ಪ್ರಯೋಜನ? ಎಂಜಿನಿಯರ್ ಡೇವಿಡ್ ಮೆಕ್‌ಮರ್ಟ್ರಿ 1972ರಲ್ಲಿ ಇದಕ್ಕೊಂದು ಉಪಾಯ ಹೂಡಿದರು. ಕಡ್ಡಿಯ ಬುಡ ಸ್ಪ್ರಿಂಗಿನ ಒತ್ತಡದಲ್ಲಿ ಆರು ಆಸರೆಗಳ ಮೇಲೆ ಕೂತಿರುತ್ತದೆ, ಆ ಆಸರೆಗಳ ಮೂಲಕವೇ ವಿದ್ಯುತ್ ಹರಿಯುತ್ತಿರುತ್ತದೆ. ತುದಿಯ ಗುಂಡು ಲೋಹಕ್ಕೆ ಸೋಕಿದೊಡನೆ ಒಂದು ಆಸರೆ ಸಡಿಲಗೊಂಡು ವಿದ್ಯುತ್ತಿನ ಹಾದಿ ಕಡಿಯುತ್ತದೆ. ಆ ಕ್ಷಣದಲ್ಲಿ ಯಂತ್ರ ಎಲ್ಲಿತ್ತೋ ಅದೇ ಅಳತೆ. ಮರುವರ್ಷ ಅವರು ಜಾನ್ ಡೀರ್ ಜೊತೆ ರೆನಿಶಾ ಕಂಪನಿ ಕಟ್ಟಿದರು.

ಅಳತೆ ಕೋಣೆಗೆಂದು ಹುಟ್ಟಿದ, ಪ್ರೋಬ್ ಎಂದು ಕರೆಯುವ ಈ ಕಡ್ಡಿ ಮೆಲ್ಲಗೆ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದೊಳಕ್ಕೇ ಬಂತು. ಡ್ರಿಲ್ಲು, ಕಟರುಗಳ ಸಾಲಿನಲ್ಲಿ ತಾನೂ ಒಂದು ಟೂಲ್ ಎಂಬಂತೆ ಕಾದಿರುತ್ತದೆ. ಸರದಿ ಬಂದಾಗ ಇಳಿದು ಜಾಬನ್ನು, ಅಂದರೆ ತಯಾರಾಗುತ್ತಿರುವ ತುಂಡನ್ನು ಮುಟ್ಟಿ, ಅಳತೆಯನ್ನು ಯಂತ್ರಕ್ಕೆ ತಿಳಿಸುತ್ತದೆ.

ಗ್ರೈಂಡಿಂಗಿನಲ್ಲಿ, ಅಂದರೆ ಚಕ್ರದಿಂದ ಉಜ್ಜುವ ಕೆಲಸದಲ್ಲಿ, ಯಂತ್ರದೊಳಗೇ ಅಳೆಯುವ ಈ ವಿದ್ಯೆ ಇನ್ನೂ ಹಳೆಯದು. ಅಲ್ಲಿ ಅದರ ಅಗತ್ಯವೂ ಹೆಚ್ಚು, ಏಕೆಂದರೆ ಉಜ್ಜುವ ಚಕ್ರ ತಾನೂ ಸವೆಯುತ್ತದೆ. ಚಕ್ರ ಎಲ್ಲಿ ನಿಂತಿದೆ ಎಂದು ಗೊತ್ತಾದ ಮಾತ್ರಕ್ಕೆ ಶಾಫ್ಟಿನ ದಪ್ಪ ಎಷ್ಟೆಂದು ಹೇಳಲಾಗದು. ಹಾಗಾಗಿ ತಿರುಗುತ್ತಿರುವ ಶಾಫ್ಟಿನ ಮೇಲೂ ಕೆಳಗೂ ಎರಡು ಬೆರಳುಗಳು ಸವರುತ್ತಿರುತ್ತವೆ. ಅವುಗಳ ತುದಿಗೆ ವಜ್ರ ಅಥವಾ ಕಾರ್ಬೈಡ್. ಕೂಲಂಟ್ ಧಾರೆಯಾಗಿ ಸುರಿಯುತ್ತಿದ್ದರೂ ಅವು ಮೈಕ್ರಾನ್ ಲೆಕ್ಕದಲ್ಲಿ ಸುದ್ದಿ ಕಳಿಸುತ್ತವೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಗುರಿ ಹತ್ತಿರವಾದಂತೆ ಚಕ್ರ ಮುಂದೊತ್ತುವ ವೇಗ ತಗ್ಗುತ್ತದೆ, ಕಡೆಗೆ ಮುಂದೊತ್ತುವುದೇ ನಿಲ್ಲುತ್ತದೆ. ಆದರೂ ಕಿಡಿ ಹಾರುತ್ತಲೇ ಇರುತ್ತದೆ! ಅಷ್ಟು ಹೊತ್ತು ಒತ್ತಡಕ್ಕೆ ಬಾಗಿದ್ದ ಶಾಫ್ಟು ಮತ್ತು ಯಂತ್ರ ನೆಟ್ಟಗಾಗುತ್ತ ಇನ್ನಷ್ಟು ಲೋಹವನ್ನು ಚಕ್ರಕ್ಕೆ ಒಡ್ಡುತ್ತವೆ. ಇದನ್ನು ಸ್ಪಾರ್ಕ್ ಔಟ್ ಎನ್ನುತ್ತಾರೆ. ಗುರಿ ಮುಟ್ಟಿತೆಂದು ಬೆರಳುಗಳು ಹೇಳಿದೊಡನೆ ಚಕ್ರ ಹಿಂದೆ ಸರಿಯುತ್ತದೆ. ಇಂಥ ಗೇಜುಗಳಿಗೆ ಹೆಸರಾದ ಮಾರ್ಪೋಸ್ 1952ರಲ್ಲಿ ಇಟಲಿಯ ಬೊಲೊನ್ಯಾದಲ್ಲಿ ಆರಂಭವಾಯಿತು.

ಅಳೆಯುವುದು ಕಷ್ಟವೆಂದು ತೋರಬಹುದು. ನಿಜವಾದ ಕಷ್ಟ ಇರುವುದು ತಿದ್ದುವುದರಲ್ಲಿ.

ಲೇತಿನ ಕತ್ತರಿಸುವ ತುದಿಯಾದ ಇನ್ಸರ್ಟ್ ಸವೆದಂತೆಲ್ಲ ಜಾಬಿನ ಹೊರವ್ಯಾಸ ಹಿಗ್ಗುತ್ತ ಹೋಗುತ್ತದೆ. ಗೇಜ್ ಅದನ್ನು ಕಂಡುಹಿಡಿದು, ಟೂಲಿನ ಸ್ಥಾನವನ್ನು ತಿದ್ದುವ ಅಂಕಿಯಾದ ಆಫ್‌ಸೆಟ್ ಬದಲಿಸಲಿ ಎಂದು ಬಿಟ್ಟರೆ ಕೆಲಸ ಮುಗಿಯಿತಲ್ಲ? ಮುಗಿಯದು. ಇನ್ಸರ್ಟ್ ಹೊಸದಿದ್ದರೂ ಒಂದು ಜಾಬಿನಿಂದ ಇನ್ನೊಂದಕ್ಕೆ ಎರಡು–ಮೂರು ಮೈಕ್ರಾನ್ ಆಚೀಚೆ ಆಗುವುದು ಯಂತ್ರದ ಸಹಜ ಗುಣ. ಮೂರು ಮೈಕ್ರಾನ್ ಹೆಚ್ಚು ಕಂಡೊಡನೆ ಮೂರು ಇಳಿಸು, ಎರಡು ಕಡಿಮೆಯಾದರೆ ಎರಡು ಏರಿಸು ಎಂದು ಪ್ರತಿ ಜಾಬಿಗೂ ತಿದ್ದಿದರೆ ಏರಿಳಿತ ತಗ್ಗುವ ಬದಲು ಬೆಳೆಯುತ್ತದೆ. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್ ಇದನ್ನು ಆಲಿಕೆ ಮತ್ತು ಗೋಲಿಯ ಪ್ರಯೋಗದಿಂದ ತೋರಿಸುತ್ತಿದ್ದರು: ಗೋಲಿ ಗುರಿಯಿಂದ ತಪ್ಪಿದಷ್ಟೂ ಆಲಿಕೆಯನ್ನು ಪ್ರತಿಸಲ ಎದುರು ದಿಕ್ಕಿಗೆ ಸರಿಸಿದರೆ ಚದುರುವಿಕೆಯ ಅಳತೆಯಾದ ವೇರಿಯನ್ಸ್ ಎರಡು ಪಟ್ಟಾಗುತ್ತದೆ. ಮುತುವರ್ಜಿಯ ಆಪರೇಟರನೇ ಹೆಚ್ಚು ರಿಜೆಕ್ಷನ್ ಮಾಡುವುದುಂಟು ಎಂಬುದರ ಗುಟ್ಟು ಇಲ್ಲಿದೆ. ಆದ್ದರಿಂದ ಜಾಣ ನಿಯಂತ್ರಕ ಹಲವು ಜಾಬುಗಳ ಸರಾಸರಿ ನೋಡುತ್ತದೆ, ಕಂಡ ವ್ಯತ್ಯಾಸದ ಒಂದು ಪಾಲನ್ನಷ್ಟೇ ತಿದ್ದುತ್ತದೆ, ಸಣ್ಣಪುಟ್ಟದ್ದನ್ನು ಕಂಡೂ ಕಾಣದಂತೆ ಬಿಟ್ಟುಬಿಡುತ್ತದೆ. ಲೇತಿಗೂ ಗೇಜಿಗೂ ನಡುವೆ ನಾಲ್ಕು ಜಾಬುಗಳು ಸಾಲಾಗಿ ನಿಂತಿದ್ದರೆ, ಒಮ್ಮೆ ತಿದ್ದಿದ ಮೇಲೆ ಆ ನಾಲ್ಕೂ ದಾಟುವವರೆಗೆ ಸುಮ್ಮನಿರುವ ತಾಳ್ಮೆಯೂ ಅದಕ್ಕೆ ಬೇಕು. ಇಲ್ಲವಾದರೆ ಒಂದೇ ತಪ್ಪನ್ನು ಐದು ಸಲ ತಿದ್ದಿಬಿಡುತ್ತದೆ.

ಇನ್ನು ಶಾಖ. ಉದ್ದದ ಅಳತೆಗಳಿಗೆಲ್ಲ ಆಧಾರ 20 ಡಿಗ್ರಿ ಸೆಲ್ಸಿಯಸ್ ಎಂದು 1931ರಲ್ಲೇ ಅಂತರರಾಷ್ಟ್ರೀಯವಾಗಿ ತೀರ್ಮಾನವಾಗಿದೆ. ಬೆಂಗಳೂರಿನ ಪೀಣ್ಯದ ತಗಡಿನ ಶೆಡ್ಡಿಗೆ ಆ ತೀರ್ಮಾನ ಏಪ್ರಿಲಿನಲ್ಲಿ ಹೇಗೆ ತಿಳಿಯಬೇಕು? ಹತ್ತು ಡಿಗ್ರಿ ಏರಿದರೆ 100 ಮಿಲಿಮೀಟರಿನ ಉಕ್ಕು ಹನ್ನೊಂದು–ಹನ್ನೆರಡು ಮೈಕ್ರಾನ್ ಹಿಗ್ಗುತ್ತದೆ, ಅಲ್ಯೂಮಿನಿಯಂ ಅದರ ಎರಡರಷ್ಟು. ಯಂತ್ರವೇ ಹಿಗ್ಗಿದ್ದರೆ ಅದರಲ್ಲಿ ಕೂತ ಪ್ರೋಬ್ ಕೂಡ ಅದೇ ಸುಳ್ಳನ್ನು ಒಪ್ಪಿಕೊಳ್ಳುತ್ತದೆ. ಅದಕ್ಕೇ ಅಳತೆ ಗೊತ್ತಿರುವ ಮಾಸ್ಟರ್ ತುಂಡೊಂದನ್ನು ಯಂತ್ರದೊಳಗೇ ಇಟ್ಟು, ಮೊದಲು ಅದನ್ನು ಮುಟ್ಟಿ ನಂತರ ಜಾಬನ್ನು ಮುಟ್ಟುವ ರೂಢಿ.

ಕೆಲವೊಮ್ಮೆ ಗುರಿಯ ಅಳತೆಯೇ ಮೊದಲಿಗೆ ಇರುವುದಿಲ್ಲ. ಡೀಸೆಲ್ ಇಂಜೆಕ್ಟರಿನ ನಾಝಲ್ ಮತ್ತು ಅದರೊಳಗಿನ ಸೂಜಿಯ ನಡುವೆ ಇರಬೇಕಾದ ಸಂದು ಕೆಲವೇ ಮೈಕ್ರಾನ್. ಎರಡನ್ನೂ ಬೇರೆಬೇರೆಯಾಗಿ ಅಷ್ಟು ಕರಾರುವಾಕ್ಕಾಗಿ ಮಾಡುವುದು ದುಬಾರಿ. ಹೀಗಾಗಿ ಮೊದಲು ನಾಝಲಿನ ರಂಧ್ರವನ್ನು ಅಳೆದು, ಆ ಅಂಕಿಯನ್ನೇ ಗ್ರೈಂಡಿಂಗ್ ಯಂತ್ರಕ್ಕೆ ಗುರಿಯಾಗಿ ಕೊಟ್ಟು, ಅದಕ್ಕೆ ಹೊಂದುವಂತೆ ಸೂಜಿಯನ್ನು ಉಜ್ಜುವ ಪದ್ಧತಿ ಬಂತು. ಹಾಗೆ ಜೋಡಿಯಾದ ಸೂಜಿ ಬೇರೊಂದು ನಾಝಲಿಗೆ ಸರಿಹೊಂದುವ ಭರವಸೆಯಿಲ್ಲ. ಡೀಸೆಲ್ ಪಂಪ್ ರಿಪೇರಿ ಮಾಡುವವರು ಒಂದು ಇಂಜೆಕ್ಟರಿನ ಸೂಜಿ ಇನ್ನೊಂದಕ್ಕೆ ಬೆರೆಯದಂತೆ ಜೋಪಾನ ಮಾಡುವುದು, ಕೆಟ್ಟರೆ ಎರಡನ್ನೂ ಒಟ್ಟಿಗೇ ಬದಲಿಸುವುದು ಇದಕ್ಕಾಗಿಯೇ.