ಬಾರಿಗೆ ಬಣ್ಣದ ಬೋರ್ಡು, ಬಿಟ್ಟವರ ಕೋಣೆಗೆ ಬೋರ್ಡೇ ಇಲ್ಲ!

ಶಿವಾಜಿನಗರ ಬಸ್ ನಿಲ್ದಾಣದಲ್ಲಿ ಇಳಿದು ಯಾರನ್ನಾದರೂ "ಬಾರ್ ಎಲ್ಲಿದೆ?" ಅಂತ ಕೇಳಿ. ನಾಲ್ಕು ಕೈ ನಾಲ್ಕು ದಿಕ್ಕಿಗೆ ಏಳುತ್ತವೆ. "ಕುಡಿತ ಬಿಡಬೇಕು, ಎಲ್ಲಿಗೆ ಹೋಗಲಿ?" ಅಂತ ಕೇಳಿ ನೋಡಿ. ಕೇಳಿದವರನ್ನೇ ಮೇಲಿಂದ ಕೆಳಗೆ ನೋಡುತ್ತಾರೆ!

ಹಲಸೂರು, ಇಂದಿರಾನಗರದ ನೂರಡಿ ರಸ್ತೆ, ಟಿನ್ ಫ್ಯಾಕ್ಟರಿ ದಾಟಿ ಕೆ.ಆರ್. ಪುರದ ತನಕ ಇದೇ ಕಥೆ. ಬಾರಿನ ದೀಪ ಬಸ್ಸಿನ ಕಿಟಕಿಗೇ ಕಾಣುತ್ತದೆ. ಕುಡಿತ ಬಿಟ್ಟವರು ಸೇರುವ ಜಾಗ ಮಾತ್ರ ಸಾಮಾನ್ಯವಾಗಿ ಯಾವುದೋ ಶಾಲೆಯ ಅಥವಾ ಚರ್ಚ್ ಆವರಣದ ಒಂದು ಕೋಣೆ. ದೊಡ್ಡ ಬೋರ್ಡು ಹುಡುಕಿದರೆ ಸಿಗದು. ಬಂದವರ ಗುರುತು ಹೊರಗೆ ಹೋಗಬಾರದು ಎಂಬುದೇ ಅಲ್ಲಿನ ಕಟ್ಟುಪಾಡು.

ಇದರ ಹೆಸರು ಆಲ್ಕೊಹಾಲಿಕ್ಸ್ ಅನಾನಿಮಸ್. ಜನ ಚುಟುಕಾಗಿ "ಎಎ" ಅನ್ನುತ್ತಾರೆ. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಒಬ್ಬ ಷೇರುಪೇಟೆಯ ಮನುಷ್ಯ, ಒಬ್ಬ ಶಸ್ತ್ರವೈದ್ಯ, ಇಬ್ಬರೂ ಕುಡಿದು ಹಾಳಾದವರೇ, ಎದುರುಬದುರು ಕೂತು ಮಾತಾಡಿದ್ದರಿಂದ ಇದು ಶುರುವಾಯಿತು. 1957ರಲ್ಲಿ ಮುಂಬಯಿಗೆ ಬಂತು. ಬೆಂಗಳೂರಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಸಭೆಗಳಿವೆ.

ಕಾನೂನು ಸಾಕೇ?

1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತು. ವರ್ಷ ತುಂಬುವ ಮೊದಲೇ, 2008ರ ಮೇಯಲ್ಲಿ, ವಿಷದ ಮದ್ಯ ಮತ್ತೆ ನೂರಾರು ಮನೆಗಳ ದೀಪ ಆರಿಸಿತು. ಅಂಗಡಿ ಮುಚ್ಚಬಹುದು, ಚಟ ಮುಚ್ಚುವುದು ಹೇಗೆ? ಇತ್ತ ಸರ್ಕಾರಕ್ಕೂ ಮದ್ಯದ ಕಾಸು ಬೇಕು. 2025-26ರ ಬಜೆಟ್ಟಿನಲ್ಲಿ ಅಬಕಾರಿಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ!

ಫೀಸೆಷ್ಟು ಸ್ವಾಮಿ?

ಎಎ ಸಭೆಗೆ ಫೀಸಿಲ್ಲ. ಅರ್ಜಿಯಿಲ್ಲ, ಸಹಿಯಿಲ್ಲ, ಆಧಾರ್ ಕಾರ್ಡು ಕೇಳುವವರಿಲ್ಲ. ಕುಡಿತ ಬಿಡಬೇಕೆಂಬ ಆಸೆ ಇದ್ದರೆ ಸಾಕು, ಅದೇ ಸದಸ್ಯತ್ವ. ಕೊನೆಗೊಂದು ಚೀಲ ಸುತ್ತು ಬರುತ್ತದೆ. ಸದಸ್ಯರು ಇಷ್ಟವಿದ್ದರೆ ಹಾಕಬಹುದು, ಇಲ್ಲದಿದ್ದರೆ ಇಲ್ಲ. ಕೋಣೆ ಬಾಡಿಗೆ, ಚಹಾದ ಖರ್ಚು ಅದರಲ್ಲೇ. ಹೊರಗಿನವರ ದೇಣಿಗೆಯನ್ನು ಮುಟ್ಟುವುದಿಲ್ಲ.

ಒಳಗೆ ಭಾಷಣವೂ ಇಲ್ಲ, ಬೈಗುಳವೂ ಇಲ್ಲ. ಒಬ್ಬೊಬ್ಬರಾಗಿ ತಮ್ಮ ಅನುಭವ ಹೇಳುತ್ತಾರೆ. ಮಿಕ್ಕವರು ನಡುವೆ ಬಾಯಿ ಹಾಕುವುದಿಲ್ಲ. ಹೊಸಬರು ಸುಮ್ಮನೆ ಕೂತು ಕೇಳಿಸಿಕೊಂಡು ಎದ್ದು ಬಂದರೂ ನಡೆಯುತ್ತೆ. "ಜನ್ಮಪೂರ್ತಿ ಮುಟ್ಟಲ್ಲ" ಎಂಬ ಆಣೆ ಪ್ರಮಾಣ ಬೇಡ, "ಇವತ್ತೊಂದು ದಿನ ಬೇಡ" ಅಂದರೆ ಸಾಕು ಎಂಬುದು ಅಲ್ಲಿಯ ಲೆಕ್ಕ.

ಚರ್ಚಿನ ಆವರಣ ಎಂದ ಕೂಡಲೇ ಕೆಲವರು ಹಿಂದೆ ಸರಿಯುತ್ತಾರೆ. ಅದು ಬಾಡಿಗೆಗೆ ಹಿಡಿದ ಕೋಣೆ, ಅಷ್ಟೇ. ದೇವರ ಮಾತು ಬರುತ್ತದೆ ನಿಜ, ಆದರೆ ಯಾವ ದೇವರು ಎಂಬುದು ಅವರವರಿಗೆ ಬಿಟ್ಟದ್ದು.

ಇದೇನು ಮಂತ್ರದ ತಾಯತವಲ್ಲ. ಹೋದವರೆಲ್ಲ ಗೆದ್ದಿಲ್ಲ. ಆದರೆ 2020ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲಿನ 27 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ತಜ್ಞರು, ಪೂರ್ತಿ ಬಿಟ್ಟು ಉಳಿಯುವ ವಿಷಯದಲ್ಲಿ ಜನರನ್ನು ಎಎಗೆ ಜೋಡಿಸುವ ಚಿಕಿತ್ಸೆ ಬೇರೆ ಚಿಕಿತ್ಸೆಗಳಿಗಿಂತ ಮುಂದಿದೆ ಎಂದರು.

ಮೊದಲು ಡಾಕ್ಟರು

ಒಂದು ಎಚ್ಚರಿಕೆ. ಬೆಳಗಿನಿಂದಲೇ ಹಾಕುವ ಅಭ್ಯಾಸ ಇದ್ದವರು ಹಠಕ್ಕೆ ಬಿದ್ದು ಒಮ್ಮೆಲೇ ನಿಲ್ಲಿಸಬಾರದು. ಮೊದಲ ಮೂರು ದಿನ ಕೈ ನಡುಕ, ಫಿಟ್ಸ್, ಇಲ್ಲದ್ದು ಕಾಣಿಸುವುದು ಆಗಬಹುದು, ಪ್ರಾಣಕ್ಕೂ ಕುತ್ತು ಬರಬಹುದು. ಅಂಥವರು ಮೊದಲು ಡಾಕ್ಟರನ್ನು ಕಾಣಬೇಕು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ.

ವಿಚಾರಿಸಲು ಚಟ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446. ಮನಸ್ಸಿನ ಸಂಕಟಕ್ಕೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ 14416, ಕನ್ನಡದಲ್ಲೂ ಮಾತಾಡುತ್ತಾರೆ. ಎರಡೂ ಉಚಿತ. ಎಎಯವರಿಗೆ ಫೋನ್ ಮಾಡಿದಾಗ ಮೂರು ಮಾತು ಕೇಳಿಕೊಳ್ಳಿ: ಯಾವ ದಿನ, ಯಾವ ಭಾಷೆ, ಎಲ್ಲರೂ ಬರಬಹುದಾದ ಸಭೆಯೋ ಅಥವಾ ಕುಡಿತದ ತೊಂದರೆ ಇದ್ದವರಿಗೆ ಮಾತ್ರವೋ. ಕೋಣೆ, ಸಮಯ ಬದಲಾಗುವುದುಂಟು, ಆದ್ದರಿಂದ ಹೊರಡುವ ಮುಂಚೆ ಇನ್ನೊಮ್ಮೆ ವಿಚಾರಿಸಿದರೆ ಬಸ್ ಚಾರ್ಜು ಉಳಿಯುತ್ತೆ.

"ನಾನೇನು ಕುಡುಕನೇನ್ರೀ?" ಅಂತ ಯಜಮಾನರು ಮನೆಯಲ್ಲೇ ಕೂತರೆ? ಹೆಂಡತಿ, ತಾಯಿ, ಮಕ್ಕಳು ಹೋಗಲು ಬೇರೆ ಕೂಟವೇ ಇದೆ, ಅಲ್-ಅನಾನ್. 1951ರಲ್ಲಿ ಆರಂಭವಾದದ್ದು. ಅವರು ಬರಲಿ ಅಂತ ಇವರು ಕಾಯಬೇಕಿಲ್ಲ.

ಅಂಗಡಿಯವರಿಗೂ ಒಂದು ಮಾತು. ಸಂಬಳದ ಮರುದಿನ ನಾಪತ್ತೆಯಾಗುವ ಹುಡುಗನಿಗೆ ಬೈದದ್ದಾಯಿತು, ಅಡ್ವಾನ್ಸ್ ಕೊಟ್ಟದ್ದಾಯಿತು, ಕೆಲಸದಿಂದ ತೆಗೆಯುತ್ತೇನೆ ಎಂದದ್ದೂ ಆಯಿತು. ವಾರಕ್ಕೊಂದು ಸಂಜೆ ಒಂದು ತಾಸು ಮುಂಚೆ ಬಿಟ್ಟು, ಸಭೆಯ ಬಾಗಿಲ ತನಕ ಜೊತೆಗೆ ಹೋಗಿ ನೋಡಿ. ಮೊದಲ ಸಲ ಹೋಗುವುದು ಕಷ್ಟ. ಎರಡನೇ ವಾರ ಇನ್ನೂ ಕಷ್ಟ. ಜೊತೆಗೊಬ್ಬರು ಬೇಕಾಗುವುದು ಆಗಲೇ.