ಮಳೆಮಾಪಕದ ಲೆಕ್ಕವನ್ನು ನೀವೂ ನೋಡಿರಿ

ಆರ್.ಎಚ್. ಕ್ಯಾಂಪಿನ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಟು. ಆದರೂ ಬರಘೋಷಣೆಗೂ ಹವಾಮಾನ ಆಧಾರಿತ ಬೆಳೆವಿಮೆಗೂ ಮಳೆಯ ಅಂಕಿ ಬೇಕೇ ಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಅದನ್ನು 15 ನಿಮಿಷಕ್ಕೊಮ್ಮೆ ಕಳುಹಿಸುತ್ತವೆ.

ಮಾಪಕದೊಳಗಿನ ಪುಟ್ಟ ಬಟ್ಟಲು ಎಷ್ಟು ಸಲ ತುಂಬಿ ಮಗುಚಿತೆಂದು ಎಣಿಸುವುದು ಡೇಟಾಲಾಗರ್ ಎಂಬ ಪೆಟ್ಟಿಗೆ. ಡಿಸ್‌ಪ್ಲೇ ಘಟಕ ಜೋಡಿಸುವ ಸೌಕರ್ಯವಿದ್ದರೆ ಗಡಿಯಾರ, ಬ್ಯಾಟರಿಯ ವೋಲ್ಟು, ಅಂದಿನ ಮಳೆ ಸ್ಥಳದಲ್ಲೇ ಕಾಣುತ್ತವೆ. ಒಂದು ಸಲ ಮಗುಚಿದರೆ ಎಷ್ಟು ಮಿಲಿಮೀಟರ್ ಎಂಬುದನ್ನು ನಿಗದಿಮಾಡುವುದೂ ಅದರ ಗುಂಡಿಗಳಿಂದಲೇ. ಈ ಅಂಕಿ ತಪ್ಪಿದರೆ ಇಡೀ ಹಂಗಾಮಿನ ಲೆಕ್ಕ ಕೆಟ್ಟಿತು!

ಗುಂಡಿಗಳನ್ನು ನೀವು ಮುಟ್ಟಬೇಡಿರಿ. ತಂತ್ರಜ್ಞರು ಬಂದಾಗ ಹತ್ತಿರ ನಿಂತು ನೋಡಿರಿ. ಮಾಪಕದ ಬಾಯಿ 20 ಸೆಂಟಿಮೀಟರ್ ಅಗಲವಿದ್ದರೆ, 314 ಮಿಲಿಲೀಟರ್ ನೀರನ್ನು ನಿಧಾನವಾಗಿ ಸುರಿದಾಗ 10 ಮಿಲಿಮೀಟರ್ ತೋರಬೇಕು. ಕಡಿಮೆ ತೋರಿದರೆ ಆಲಿಕೆಯಲ್ಲಿ ಎಲೆಯೋ ಹಕ್ಕಿಯ ಹಿಕ್ಕೆಯೋ ಕಟ್ಟಿರಬಹುದು. ಪರೀಕ್ಷೆಯ ನೀರನ್ನು ಮಳೆಯ ಲೆಕ್ಕದಿಂದ ತೆಗೆಯಿಸಲು ಮರೆಯದಿರಿ.